ಹೂಂಗುಟ್ಟುವವರು

"ಅಣ್ಣಾ, ಅಮ್ಮನ ಕಥೆಗೆ ಹೂಂಗುಟ್ತಿರೋದು ಯಾರು?" ತಂಗಿ ಅಗ್ಗದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದಳು. ಅಣ್ಣ ಹಿಂದೆ ರೆಕಾರ್ಡ್ ಮಾಡಿಟ್ಟಿದ್ದ, ತೀರಿಹೋದ ಅಮ್ಮನ ಧ್ವನಿ ಅದರಲ್ಲಿ ಬರೀ ಗುಂಯ್‌ಗುಡುತ್ತದೆಂದು ಅವಳು ಅತ್ತಿದ್ದಕ್ಕೇ ಅವನು ಕಂಪ್ಯೂಟರಿನಲ್ಲಿ ದಪ್ಪ ದನಿಯ ಬೇಸ್ ತಗ್ಗಿಸಿ, ಹೂತುಹೋಗಿದ್ದ ಸ್ವರಗಳನ್ನು ಮೇಲೆತ್ತಿ ಕೊಟ್ಟಿದ್ದ.

"ನನ್ನ ಬಿಟ್ರೆ ಯಾರಿದ್ರು ಅಲ್ಲಿ? ರೆಕಾರ್ಡಿಂಗ್ ಕೆಡುತ್ತೆ ಅಂತ ನಾನೂ ತುಟಿ ಬಿಚ್ಚಲಿಲ್ಲ."

"ಎದುರಿಗಿದ್ದವ್ರು ಹೂಂ ಅನ್ನದೆ ಅಮ್ಮ ಯಾವತ್ತಾದ್ರೂ ಕಥೆ ಮುಂದುವರಿಸಿದ್ದುಂಟಾ?"

ಅವನು ಹೆಡ್‌ಫೋನ್ ಇಸಿದುಕೊಂಡು ಆಲಿಸಿದ. ಅಮ್ಮನ ಒಂದೊಂದು ಮಾತಿನ ಕೊನೆಗೂ, ಪುರಾಣ ಕೇಳುವವರ ಭಕ್ತಿಯಲ್ಲಿ, ಮೆಲ್ಲನೆ ಒಂದು ಹೂಂ. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟ.

ಆಗ ಅವರಿಬ್ಬರ ಬೆನ್ನ ಹಿಂದಿನಿಂದ, ಮುಂದೇನಾಯಿತು ಎನ್ನುವಂತೆ, ಕೇಳಿಸಿತು: "ಹೂಂ?"