ಎರಡನೇ ಸಾಕ್ಷಿ

“ನಾನು ಯಾರ ಮಗ? ಇಬ್ರೂ ಸಾಕ್ಷಿ ಹೇಳ್ಬಿಡಿ, ಹೊಲಿದು ಮುಗಿಸ್ತೀನಿ,” ಎಂದು ದರ್ಜಿ ಸೂಜಿಗೆ ದಾರ ಪೋಣಿಸುತ್ತಾ ನಕ್ಕ. ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯಲ್ಲಿ ಅವನ ಇಡೀ ವಂಶವೃಕ್ಷ ಕವಲೊಡೆದು ಹರಡಿತ್ತು. ಈ ಹುಚ್ಚು ಹಿಡಿದಾಗಿನಿಂದ ಅವನದು ಒಂದೇ ಹಠ: ಹೆಸರನ್ನು ಮೊದಲು ಸೀಮೆಸುಣ್ಣದಲ್ಲಿ ಬರೆಯಬೇಕು, ಇಬ್ಬರು ಹಿರಿಯರು ಹೌದೆಂದ ಮೇಲಷ್ಟೇ ದಾರದಲ್ಲಿ ಹೊಲಿಯಬೇಕು. ಮಕ್ಕಳಿಲ್ಲದವರ ಹೆಸರಿನ ಕೆಳಗೆ ಒಂದು ಕೆಂಪು ಗಂಟು. ಈಗ ಸೀಮೆಸುಣ್ಣದಲ್ಲೇ ಉಳಿದಿದ್ದು ಅವನ ಹೆಸರೊಂದೇ.

“ನನ್ನ ಮಗ ಅಲ್ದೆ ಇನ್ಯಾರ ಮಗ? ಸುಮ್ನೆ ಹೊಲಿಯೋ,” ಎಂದಳು ಅಮ್ಮ, ಅವನ ಮಾತು ಮುಗಿಯುವ ಮೊದಲೇ. ದೊಡ್ಡಮ್ಮ ಮಾತ್ರ ಬಟ್ಟೆಯಿಂದ ಮುಖ ತಿರುಗಿಸಿದಳು. ಅವಳು ಅಮ್ಮನ ಒಡಹುಟ್ಟಿದ ಅಕ್ಕ. ಅವನನ್ನು ಎತ್ತಿ ಆಡಿಸಿದವಳು, ಆಮೇಲೆ ಅವನ ಅಂಗಡಿಯಲ್ಲೇ ಗುಂಡಿ ಹಚ್ಚುತ್ತಾ ಮುದುಕಿಯಾದವಳು.

“ಯಾಕೆ ದೊಡ್ಡಮ್ಮ, ಲಂಚ ಏನಾದ್ರೂ ಬೇಕಾ?” ಎಂದು ಅವನು ತಮಾಷೆ ಮಾಡಿದ. ದೊಡ್ಡಮ್ಮ ನಗಲಿಲ್ಲ. “ಬಾಯಿ ಮುಚ್ಕೊಂಡಿರು ಅಂದ್ರು, ಇದ್ದೆ ಕಣಪ್ಪ. ಸುಳ್ಳಿಗೆ ಸಾಕ್ಷಿ ಹೇಳು ಅಂದ್ರೆ ನನ್ನ ಕೈಲಾಗಲ್ಲ.”

“ಅಕ್ಕಾ, ಬೇಡ!” ಅಮ್ಮ ಅವಳ ಮೊಣಕೈ ಹಿಡಿದಳು. ದೊಡ್ಡಮ್ಮ ಕೈ ಬಿಡಿಸಿಕೊಂಡು ಮೇಜಿನ ಮೇಲಿದ್ದ ಸಣ್ಣ ಕತ್ತರಿ ಎತ್ತಿಕೊಂಡಳು. ಬಟ್ಟೆಯಲ್ಲಿ ತನ್ನ ಹೆಸರನ್ನು ಬೆರಳಿನಿಂದ ತಡಕಿ ಹುಡುಕಿದಳು. ಅದರ ಕೆಳಗೆ ಅವನು ಯಾರನ್ನೂ ಕೇಳದೆಯೇ ಹಾಕಿಬಿಟ್ಟಿದ್ದ ಕೆಂಪು ಗಂಟನ್ನು, ಕೂಸಿನ ಉಗುರು ತೆಗೆಯುವಷ್ಟು ನಾಜೂಕಾಗಿ, ಕತ್ತರಿಸಿದಳು.