ಗೋಲು ಕಾದ ಕುರಿಗಾಹಿ

ದ್ವಿತೀಯಾರ್ಧ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಜಂಬಣ್ಣ ಮೈದಾನದೊಳಕ್ಕೇ ನುಗ್ಗಿ ಪಂದ್ಯ ನಿಲ್ಲಿಸಿಬಿಟ್ಟ.

"ಈ ಗೋಲ್‌ಕೀಪರ್ ವಿದ್ಯಾರ್ಥಿ ಅಲ್ಲ ಕಣ್ರಿ! ಕುರಿ ಕಾಯೋನು!"

ಜಂಬಣ್ಣ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ತಂಡದ ಮ್ಯಾನೇಜರ್. ಎದುರಾಳಿ, ಐಮಂಗಲದ ಹೊರಗೆ ಹೆದ್ದಾರಿ ಪಕ್ಕದಲ್ಲಿ ಹೋದ ವರ್ಷ, ಅಂದರೆ 2001ರಲ್ಲಿ, ಬಾಗಿಲು ತೆರೆದ ಸ್ನಾತಕೋತ್ತರ ಕೇಂದ್ರ. ಎರಡು ಕಟ್ಟಡ, ಒಂದು ಬೋರ್‌ವೆಲ್, ನಲವತ್ತು ವಿದ್ಯಾರ್ಥಿಗಳು. ಆ ಕೇಂದ್ರ ಆಡುತ್ತಿದ್ದ ಮೊಟ್ಟಮೊದಲ ಫುಟ್‌ಬಾಲ್ ಪಂದ್ಯವಿದು. ಅದರಲ್ಲೇ ಒಂದು ಗೋಲಿನಿಂದ ಮುಂದಿತ್ತು. ಜಂಬಣ್ಣನಿಗೆ ಮೈಯೆಲ್ಲ ಉರಿ.

ಕೇಂದ್ರದ ದೈಹಿಕ ಶಿಕ್ಷಣ ಬೋಧಕ ಶ್ರೀನಿವಾಸ ಓಡಿ ಬಂದ. ಪಾಪ, ಹಂಗಾಮಿ ನೌಕರ. ವರ್ಷದೊಳಗೆ ಮೈದಾನ ಮಾಡಿ, ತಂಡ ಕಟ್ಟಿ, ಒಂದು ಪಂದ್ಯ ತಕರಾರಿಲ್ಲದೆ ಆಡಿಸಿದರೆ ಕೆಲಸ ಕಾಯಂ. ಹೊರಗಿನವನೊಬ್ಬ ಆಡಿದನೆಂದು ಸಾಬೀತಾದರೆ ಸೀದಾ ಮನೆಗೆ. ಆದೇಶದಲ್ಲಿ ಹಾಗೆಂದೇ ಬರೆದಿತ್ತು.

ಮನುಷ್ಯ ಸುಮ್ಮನೆ ಕೂತವನಲ್ಲ. ಹದಿನೈದೇ ದಿನದಲ್ಲಿ ಜಾಲಿ ಕೀಳಿಸಿ, ನೆಲ ಮಟ್ಟ ಮಾಡಿಸಿ, ರೋಲರ್ ಓಡಿಸಿ ಮೈದಾನ ಸಿದ್ಧ ಮಾಡಿದ್ದ. ಸುಣ್ಣದ ಗೆರೆಗಳನ್ನು ತಂಡದ ಹುಡುಗರೇ ಎಳೆದಿದ್ದರು. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಮೈದಾನದಲ್ಲಿ ಯಾರೂ ತುಟಿ ಬಿಚ್ಚಕೂಡದೆಂದು ಕಟ್ಟಪ್ಪಣೆ ಬೇರೆ ಮಾಡಿದ್ದ. ಅವರೂ ಬಿಚ್ಚಿರಲಿಲ್ಲ. ಈ ಶಿಸ್ತು ಕಂಡು ಬೆಳಿಗ್ಗೆ ಜಂಬಣ್ಣನೇ ತನ್ನ ಹುಡುಗರನ್ನು ಬೈದಿದ್ದ.

ಎಲ್ಲ ಸರಿಯಿತ್ತು, ಗೋಲ್‌ಕೀಪರ್‌ಗೆ ಜ್ವರ ಬಂದು ಮಲಗುವ ತನಕ. ಹತ್ತೇ ಜನ ಸಾಲಾಗಿ ನಿಂತಿದ್ದರು. ಶ್ರೀನಿವಾಸ ಸುತ್ತಮುತ್ತ ಕಣ್ಣು ಹಾಯಿಸಿದ. ಬೇಲಿಯಾಚೆ ಪರಮೇಶ ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಕುರಿ ಮೇಯಿಸುತ್ತಿದ್ದ.

"ಪರಮೇಶ, ಬಾರೋ! ಗೋಲಿಗೆ ನಿಂತ್ಕೊ."

"ಇವತ್ತು ಭಾನುವಾರ ಸಾರ್. ಕುರಿ ಅವೆ."

"ಕುರಿ ನಿಮ್ಮವ್ವ ನೋಡ್ಕಂತಾಳೆ, ಬಾ."

"ಫುಟ್‌ಬಾಲ್ ಆಡಿಲ್ಲ ಸಾರ್. ತಪ್ಪಿಸ್ಕಂಡು ಓಡೋ ಟಗರು ಹಿಡಿಯೋದು ಗೊತ್ತೈತೆ."

"ಅಷ್ಟು ಸಾಕು."

ಸಾಕಾಯಿತು ಕೂಡ. ಬರಿಗಾಲಲ್ಲೇ ನಿಂತ ಪರಮೇಶ ಮೊದಲರ್ಧದಲ್ಲಿ ಆರು ಚೆಂಡು ಅಪ್ಪಿ ಹಿಡಿದ. ದ್ವಿತೀಯಾರ್ಧದಲ್ಲಿ ಏಳನೆಯದನ್ನು ಹಿಡಿದಾಗಲೇ ಎಡವಟ್ಟಾದದ್ದು. ಬೇಲಿಯಾಚೆಯಿಂದ ಅವನ ತಾಯಿ ಬೊಮ್ಮಕ್ಕ ಕೂಗಿದಳು: "ಲೇ ಪರಮೇಶ, ಶೇಂಗಾ ಹೊಲಕ್ಕೆ ನುಗ್ಯಾವೆ ಕಣ್ಲಾ!" ಇವನು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೇಲಿ ಹಾರಿದ. ಪಂದ್ಯ ನೋಡಲು ಬಂದ ಊರವರು ಬಿದ್ದು ಬಿದ್ದು ನಕ್ಕರು. ಜಂಬಣ್ಣ ನಗಲಿಲ್ಲ.

ಈಗ ಅವನು ಕೈ ಚಾಚಿ ನಿಂತಿದ್ದ. "ಗುರುತಿನ ಚೀಟಿ ತೋರಿಸ್ರಿ!"

ಶ್ರೀನಿವಾಸ ತನ್ನ ಹುಡುಗರತ್ತ ಒಮ್ಮೆ ತಿರುಗಿ ನೋಡಿದ. "ಯಾರದ್ದು? ಎಲ್ಲರದ್ದೂನಾ?"

"ಎಲ್ಲರದ್ದು ಯಾಕ್ರಿ? ಆ ಹತ್ತು ಜನರನ್ನ ನೋಡಿದ್ರೆ ಗೊತ್ತಾಗಲ್ವಾ? ಬೂಟು, ಕಟಿಂಗು, ಒಂದು ಶಿಸ್ತು. ಇವನ ಕಾಲು ನೋಡ್ರಿ, ಕುರಿ ಹಿಕ್ಕೆ ಮೆತ್ಕೊಂಡಿದೆ!"

"ಬರವಣಿಗೆಯಲ್ಲಿ ಕೊಡ್ರಿ ಹಂಗಾದ್ರೆ."

ಜಂಬಣ್ಣನಿಗೆ ಹಬ್ಬವೇ ಆಯಿತು. ಪಂದ್ಯದ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದ: ಗೋಲ್‌ಕೀಪರ್ ಒಬ್ಬನ ಮೇಲೆ ತಕರಾರಿದೆ, ಉಳಿದ ಹತ್ತು ಆಟಗಾರರ ಬಗ್ಗೆ ಯಾವ ಆಕ್ಷೇಪವೂ ಇಲ್ಲ. ಕೆಳಗೆ ಸಹಿ, ತಾರೀಖು. ಶ್ರೀನಿವಾಸ ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟ. ಪರಮೇಶ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ.

"ಬೊಮ್ಮಕ್ಕ, ಸ್ವಲ್ಪ ಇತ್ತ ಬರ್ರಿ," ಎಂದು ಶ್ರೀನಿವಾಸ ಕರೆದ.

ಬೊಮ್ಮಕ್ಕ ನಿಧಾನವಾಗಿ ಬಂದಳು. ಎಲೆಅಡಿಕೆ ಚೀಲ ಬಿಚ್ಚಿ, ಅಡಿಕೆ ಸರಿಸಿ, ಸುಣ್ಣ ಮೆತ್ತಿದ್ದ ಒಂದು ಕಾರ್ಡು ಹೊರತೆಗೆದಳು. "ಕಳ್ಕಂತಾನೆ ಅಂತ ನಾನೇ ಮಡಿಕ್ಕಂಡಿದೀನಪ್ಪ."

ಅದೇ ಕೇಂದ್ರದ ಕಾರ್ಡು. ಪರಮೇಶನದೇ ಫೋಟೊ. ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ. ಜಂಬಣ್ಣ ಮೂರು ಸಲ ತಿರುಗಿಸಿ ನೋಡಿದ.

"ಯಾಕಪ್ಪ," ಬೊಮ್ಮಕ್ಕ ಕೇಳಿದಳು, "ಕುರಿ ಕಾಯೋರ ಮಕ್ಳು ಓದಬಾರದಾ?"

ಜಂಬಣ್ಣನಿಗೆ ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾಯ್ತು ಕಣವ್ವ," ಎಂದ. ತಕರಾರು ವಾಪಸ್ ತೆಗೆದುಕೊಂಡ. ಆಟ ಮುಂದುವರಿದು ಒಂದು ಗೋಲಿನಲ್ಲೇ ಮುಗಿಯಿತು. ಹೊರಡುವಾಗ ಅವನು ಶ್ರೀನಿವಾಸನ ಕೈ ಕುಲುಕಿ, ತಂಡ ಅಂದರೆ ಹೀಗಿರಬೇಕು ಎಂದು ಮನಸಾರೆ ಹೊಗಳಿದ.

ಅವನ ಬಸ್ಸು ಹಿರಿಯೂರಿನ ಕಡೆ ಮರೆಯಾಗುತ್ತಲೇ ಉಳಿದ ಹತ್ತು ಆಟಗಾರರು ಬೂಟು, ಜೆರ್ಸಿ ಕಳಚಿ ಶ್ರೀನಿವಾಸನಿಗೆ ಒಪ್ಪಿಸಿ, ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಮಾತನ್ನೆಲ್ಲ ಮಲಯಾಳಂನಲ್ಲಿ ಸುರಿಯುತ್ತ, ಹೆದ್ದಾರಿಗೆ ಡಾಂಬರು ಹಾಕುವ ತಮ್ಮ ಕೆಲಸಕ್ಕೆ ಟಿಪ್ಪರ್ ಹತ್ತಿ ಹೊರಟರು.