ಮೂವತ್ತಮೂರನೆಯ ಚೂರು

ಇಪ್ಪತ್ತೊಂಬತ್ತನೆಯ ಚೂರು ಕಣ್ಣಿಗೆ ಬೀಳುವ ಹೊತ್ತಿಗೆ ಲಲಿತಮ್ಮನವರ ಮಂಡಿ ಇನ್ನು ಬಗ್ಗಲಾರೆ ಎಂದು ಮುಷ್ಕರ ಹೂಡಿತ್ತು. ಆದರೂ ಬಗ್ಗಿದರು. ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸ್ನೀಕರ್ಸ್ ತುದಿಯಿಂದ ಮರಳು ಕೆದಕಿ, ಮಿಷಿಗನ್ ಸರೋವರ ಉಜ್ಜಿ ಉಜ್ಜಿ ದಡಕ್ಕೆ ಬಿಸಾಡಿದ್ದ ಗಾಜನ್ನು ಎತ್ತಿಕೊಂಡರು. ಯಾವ ಕಾಲದಲ್ಲಿ ಯಾರು ಕುಡಿದು ಎಸೆದ ಬಾಟಲಿಯೋ ಏನೋ, ಈಗ ಅಂಚೆಲ್ಲ ಸವೆದು ಕಲ್ಲುಸಕ್ಕರೆಯ ಹಾಗೆ ಬೆಳ್ಳಗಿತ್ತು. ಸೆರಗಿನಲ್ಲಿ ಒರೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು.

"ಅಮ್ಮ, ಸಾಕು ಬಾಮ್ಮ. ಸುದೀಪ ಹೈವೇ ಎಕ್ಸಿಟ್ ತಗೊಂಡ್ನಂತೆ, ಇನ್ನೇನು ಬಂದ," ಹಿರಿಯ ಮಗ ರಮೇಶ ಪಾರ್ಕಿಂಗ್ ಲಾಟಿನ ಅಂಚಿನಿಂದ ಕೂಗಿದ.

"ಇನ್ನು ನಾಲ್ಕು ಬಾಕಿ ಇದೆ ಕಣೋ."

"ಅದೇನಮ್ಮ ಲೆಕ್ಕ?"

"ಅಧಿಕ ಮಾಸ ಅಲ್ವೇನೋ? ಮೂವತ್ಮೂರು ದಾನ ಕೊಡಬೇಕು. ಕಜ್ಜಾಯ ಕರಿಯೋಣ ಅಂದ್ರೆ ನಿಮ್ಮನೆ ಸ್ಮೋಕ್ ಅಲಾರ್ಮ್ ಬಾಯಿ ಬಡ್ಕೊಳತ್ತೆ. ಅದಕ್ಕೇ ಈ ಗಾಜು."

ಅಧಿಕ ಮಾಸ ಎಂದ ಕೂಡಲೇ ರಮೇಶ ಫೋನು ನೋಡತೊಡಗಿದ. ಇಂದು ಇಷ್ಟು ದೂರ ಬಂದಿದ್ದೂ ಅದರಿಂದಲೇ. ಲಲಿತಮ್ಮನವರು ಯುಗಾದಿಯಿಂದ ದಸರೆಯವರೆಗೆ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ರಮೇಶನ ಮನೆಯಲ್ಲಿ, ದಸರೆಯಿಂದ ಯುಗಾದಿಯವರೆಗೆ ಶಿಕಾಗೊ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕಿರಿಯ ಮಗ ಸುದೀಪನ ಮನೆಯಲ್ಲಿ. ಎರಡು ವರ್ಷದಿಂದ ಇದೇ ಏರ್ಪಾಡು. ನಡುದಾರಿಯ ಈ ಬೀಚಿನಲ್ಲಿ ಅವರ ಸೂಟ್‌ಕೇಸ್ ಒಬ್ಬ ಮಗನ ಡಿಕ್ಕಿಯಿಂದ ಇನ್ನೊಬ್ಬನ ಡಿಕ್ಕಿಗೆ ದಾಟುತ್ತಿತ್ತು. ಈ ವರ್ಷ ದೇವಸ್ಥಾನದ ಕ್ಯಾಲೆಂಡರ್ ತಿರುವಿದ ರಮೇಶನಿಗೆ, ಅಧಿಕ ಮಾಸದ ದೆಸೆಯಿಂದ ತನ್ನ ಪಾಲಿಗೆ ಏಳು ತಿಂಗಳು ಬಿದ್ದಿದೆ ಎಂದು ಹೊಳೆಯಿತು. ಅಣ್ಣತಮ್ಮಂದಿರು ಫೋನಿನಲ್ಲಿ ಒಂದು ವಾರ ಜಗ್ಗಾಡಿ, ಹೆಚ್ಚಿನ ತಿಂಗಳನ್ನು ಹದಿನೈದು ಹದಿನೈದು ದಿನವಾಗಿ ಸೀಳಿದರು. ಹುಣ್ಣಿಮೆಗೆ ಅಮ್ಮ ಆ ಕಡೆ, ಅಮಾವಾಸ್ಯೆಗೆ ಮತ್ತೆ ಈ ಕಡೆ.

ಅಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ನನಗೆ ಸಾಕಾಗಿದೆ ಎಂದು. ಹಾಸಿಗೆ ಬದಲಾದರೆ ಅವರಿಗೆ ಎರಡು ವಾರ ನಿದ್ದೆ ಹತ್ತುವುದಿಲ್ಲ. ಈ ಸಲವಂತೂ ನಿದ್ದೆ ಹತ್ತುವ ಹೊತ್ತಿಗೆ ಮತ್ತೆ ಸೂಟ್‌ಕೇಸ್ ಕಟ್ಟಬೇಕು. ಅವರಿಗೆ ಕೋಪವೇನೂ ಬಂದಿರಲಿಲ್ಲ. ಕೋಪ ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಸುದೀಪ ಕಾರಿನಿಂದ ಇಳಿದಾಗ ಅವರ ಕೈಗೆ ಮೂವತ್ತೆರಡನೆಯ ಚೂರು ಬಂದಿತ್ತು, ಕಂದು ಬಣ್ಣದ್ದು.

"ಹತ್ತೂವರೆ ಅಂದಿದ್ದೆಯಲ್ಲೋ?" ರಮೇಶ ಕೇಳಿದ.

"ನಮ್ಮ ಶಿಕಾಗೊ ಟೈಮ್ ಹತ್ತೂವರೆನೇ ಅಣ್ಣ. ನೀವು ಒಂದು ಗಂಟೆ ಮುಂದೆ ಇದೀರ." ಅಣ್ಣನ ಡಿಕ್ಕಿಯಿಂದ ಸೂಟ್‌ಕೇಸನ್ನು ಇಳಿಸುತ್ತಲೇ ಸುದೀಪ ಹೇಳಿದ, "ಇವತ್ತಿಗೆ ಎರಡು ವಾರ, ಭಾನುವಾರವೇ ವಾಪಸ್ ತಂದು ಬಿಡ್ತೀನಿ."

"ಅದು ಹದಿನಾಲ್ಕೇ ದಿನ. ಮಾತಾಡಿದ್ದು ಹದಿನೈದು."

"ಸೋಮವಾರ ಆಫೀಸಿದೆ ಅಣ್ಣ. ಇವತ್ತೂ ಸೇರಿದ್ರೆ ಹದಿನೈದಾಯ್ತಲ್ಲ?"

"ಇವತ್ತು ಹೆಂಗೋ ನಿನ್ನ ಲೆಕ್ಕಕ್ಕೆ ಬರುತ್ತೆ? ಅಮ್ಮಂಗೆ ಬೆಳಗಿನ ತಿಂಡಿ ನಮ್ಮನೇಲೇ ಆಗಿದೆ."

ಸೂಟ್‌ಕೇಸ್ ಎರಡು ಕಾರುಗಳ ನಡುವೆ ನೆಲದ ಮೇಲೆ ಉಳಿಯಿತು. ಅಲೆ ಹಿಂದೆ ಸರಿದ ಜಾಗದಲ್ಲಿ ಲಲಿತಮ್ಮನವರಿಗೆ ಸಣ್ಣದೊಂದು ನೀಲಿ ಚೂರು ಕಂಡಿತು. ನೀಲಿ ಸಿಗುವುದು ಅಪರೂಪ. ಅದನ್ನೆತ್ತಿಕೊಂಡು, ಮಕ್ಕಳ ಮಾತೆಲ್ಲ ಕೇಳಿಸುತ್ತಿದ್ದರೂ ಕೇಳಿಸದವರ ಹಾಗೆ ನಿಧಾನಕ್ಕೆ ನಡೆದು ಬಂದು ಬೆಂಚಿನ ಮೇಲೆ ಕೂತರು. ಚೀಲ ಸುರಿದರು.

"ಇಬ್ಬರೂ ಕೈ ನೀಡ್ರೋ."

ನಲವತ್ತು ದಾಟಿದ ಇಬ್ಬರೂ ಪ್ರಸಾದಕ್ಕೆ ಒಡ್ಡುವಂತೆ ಬೊಗಸೆ ಒಡ್ಡಿದರು. ಲಲಿತಮ್ಮನವರು ಒಂದು ಅವನಿಗೆ, ಒಂದು ಇವನಿಗೆ ಎಂದು ಎಣಿಸಿ ಹಾಕಿದರು.

"ಅಳಿಯಂಗೆ ಕೊಡೋ ದಾನ ಇದು. ನನಗೆ ಹೆಣ್ಣುಮಕ್ಕಳಿಲ್ಲ, ನೀವೇ ಇಟ್ಕೊಳ್ಳಿ. ಇಬ್ಬರಿಗೂ ಹದಿನಾರು ಹದಿನಾರು, ಸರಿಯಾಗಿದೆಯಾ ನೋಡ್ಕೊಳ್ಳಿ."

"ಒಂದು ಉಳೀತಲ್ಲಮ್ಮ," ಸುದೀಪ ಬೆಂಚಿನ ಮೇಲಿದ್ದ ನೀಲಿ ಚೂರನ್ನು ನೋಡಿದ.

"ಅದು ನನ್ನದು." ಲಲಿತಮ್ಮನವರು ಚೂರನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿಗೆ ಒರಗಿದರು. "ಇವತ್ತಿನ ದಿನಾನೂ ನನ್ನದೇ. ನಿಮ್ಮಿಬ್ಬರಿಗೂ ಬೇಡ ಅಂದ್ಮೇಲೆ ನಾನೇ ಇಟ್ಕೋತೀನಿ. ಸಂಜೆವರೆಗೂ ಇಲ್ಲೇ ಕೂತಿರ್ತೀನಿ, ನನ್ನನ್ನ ಎಬ್ಬಿಸಬೇಡಿ."

ಅವರು ನೀರಿನ ಕಡೆಗೆ ತಿರುಗಿ ಕಣ್ಣು ಮುಚ್ಚಿಕೊಂಡರು. ಮಕ್ಕಳಿಬ್ಬರೂ ಬೊಗಸೆ ತುಂಬ ಗಾಜು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಆಮೇಲೆ ರಮೇಶ ತಮ್ಮನ ಕಿವಿಯ ಹತ್ತಿರ ಬಾಗಿದ.

"ಹಾಗಾದ್ರೆ ನಿನ್ನ ಲೆಕ್ಕ ನಾಳೆಯಿಂದ ಶುರು ತಾನೆ?"